ಒಡಿಶಾದಿಂದ ತಂದ ಅಂಕಲಿಪಿ

ಮುಂಬಯಿಯಿಂದ ಹೊರಟು ಸೊಲ್ಲಾಪುರ, ಕಲಬುರ್ಗಿಗಳ ಮೇಲಿಂದ ಭುವನೇಶ್ವರಕ್ಕೆ ಹೋಗುವ ಕೊನಾರ್ಕ ಎಕ್ಸ್‌ಪ್ರೆಸ್ ಗಾಡಿಯನ್ನು ಅಕ್ಕಲಕೋಟೆ ಸೀಮೆಯವರಾದ ನಾವು ಎಷ್ಟೋ ವರ್ಷಗಳಿಂದ ನೋಡುತ್ತ ಬಂದಿದ್ದೇವೆ. ಆದರೆ ಅದು ಮುಟ್ಟುವ ಕೊನೆಯ ಊರನ್ನು ಕಂಡವರು ನಮ್ಮಲ್ಲಿ ವಿರಳ. ಕಳೆದ ವರ್ಷ ಬೇಸಗೆಯ ರಜೆಯಲ್ಲಿ ಮನೆಯವರೊಡನೆ ಆ ಗಾಡಿ ಹತ್ತುವ ಯೋಗ ನನಗೆ ಒದಗಿತು. ಪುರಿ ಜಗನ್ನಾಥನ ದರ್ಶನ ಮಾಡಬೇಕೆಂಬುದು ಅವರ ಬಹುದಿನಗಳ ಬಯಕೆ. ನನಗಾದರೋ ಕೆಲವು ದಿನ ಊರಿನಿಂದ ದೂರವಿರಬೇಕಾಗಿತ್ತು. ಅದಕ್ಕೆ ಕಾರಣವಿತ್ತು.

ಪರೀಕ್ಷೆಗಳು ಮುಗಿದ ವಾರವೇ ಪಾಲಕರೊಬ್ಬರು ಶಾಲೆಗೆ ಬಂದಿದ್ದರು. ಅವರ ಮಗಳು ಎರಡನೆಯ ಇಯತ್ತೆ ಪಾಸಾಗಿದ್ದಳು. "ಗುರುಗಳ, ಹುಡುಗಿ ದಾಖಲೆ ಕೊಡ್ರಿ. ಮರಾಠಿ ಶಾಳಿಗೆ ಹಚ್ಚತೀನಿ. ಇಲ್ಲಿ ಕಾಗದಪತ್ರ ಎಲ್ಲಾ ಮರಾಠಿಯೊಳಗ ಬರ್ತಾವ. ಕನ್ನಡ ಕಲ್ತು ನಾಳೆ ಏನ್ ಮಾಡಬೇಕ್ರಿ ಆಕಿ?" ಎಂದರು. ಹಾಜರಿಪಟ್ಟಿಯಲ್ಲಿ ವರ್ಷದಿಂದ ವರ್ಷಕ್ಕೆ ಹೆಸರುಗಳು ಕಡಿಮೆಯಾಗುತ್ತಿರುವ ಸಂಕಟ ನನ್ನ ಬಾಯಿಂದ ಸಿಟ್ಟಾಗಿ ಹೊರಬಿತ್ತು. "ಇಂದು ಭಾಷೆ ಬಿಡತಿ, ನಾಳೆ ಹೆತ್ತವ್ವನ್ನೂ ಬಿಡು" ಎಂದುಬಿಟ್ಟೆ. ಆ ಮನುಷ್ಯ ಮಾತಾಡಲಿಲ್ಲ, ಕೈಮುಗಿದು ಹೊರಟುಹೋದ. ಮೂವತ್ತು ವರ್ಷ ಮಕ್ಕಳಿಗೆ ಸೌಜನ್ಯ ಬೋಧಿಸಿದ ನಾಲಿಗೆ ಇದೇ ಏನೆಂದು ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮನಸ್ಸಿನಲ್ಲಿ ಈ ಭಾರವಿದ್ದುದರಿಂದಲೋ ಏನೋ, ಒಡಿಶಾ ನನಗೆ ಬರಿಯ ಯಾತ್ರಾಸ್ಥಳವಾಗಿ ಕಾಣಲಿಲ್ಲ. ಭುವನೇಶ್ವರದ ಸಮೀಪದ ಧೌಳಿಗೆ ಮೊದಲು ಹೋದೆವು. ಕ್ರಿಸ್ತಪೂರ್ವ 261ರ ಸುಮಾರಿಗೆ ಕಳಿಂಗವನ್ನು ಗೆದ್ದು ಪಶ್ಚಾತ್ತಾಪಪಟ್ಟ ಅಶೋಕನ ಶಾಸನ ಅಲ್ಲಿಯ ಬಂಡೆಯ ಮೇಲಿದೆ. ಮೇಲ್ಭಾಗದಲ್ಲಿ ಕಲ್ಲಿನಿಂದ ಹೊರಬರುತ್ತಿರುವಂತೆ ಒಂದು ಆನೆ. ಯುದ್ಧದ ಸಾವುನೋವುಗಳನ್ನು ಹೇಳುವ ಹದಿಮೂರನೆಯ ಶಾಸನವನ್ನು ಮಾತ್ರ ಅವನು ಇಲ್ಲಿ ಕೊರೆಯಿಸಲಿಲ್ಲ. ಬದಲಾಗಿ, ಪ್ರಜೆಗಳೆಲ್ಲರೂ ತನ್ನ ಮಕ್ಕಳೆಂದು ಸಾರುವ ಪ್ರತ್ಯೇಕ ಶಾಸನಗಳನ್ನು ಬರೆಯಿಸಿದ. ನೊಂದವರ ಮುಂದೆ ನೋವನ್ನು ಎತ್ತಿ ಆಡಬಾರದೆಂಬ ವಿವೇಕವಿರಬಹುದೇ ಎಂದು ನಾನು ಯೋಚಿಸುತ್ತ ನಿಂತೆ. ಈ ಪ್ರತ್ಯೇಕ ಶಾಸನಗಳು ಗಂಜಾಂ ಜಿಲ್ಲೆಯ ಜೌಗಡದಲ್ಲಿಯೂ ಇವೆ. ಅವೇ ಶಾಸನಗಳು 1980ರ ದಶಕದಲ್ಲಿ ನಮ್ಮ ನೆರೆಯ ಕಲಬುರ್ಗಿ ಜಿಲ್ಲೆಯ ಸನ್ನತಿಯಲ್ಲಿ ದೊರೆತವು. ನಮ್ಮ ಕಡೆಯ ಎಷ್ಟೋ ಮನೆತನಗಳು ಕುಲದೇವತೆಯೆಂದು ನಡೆದುಕೊಳ್ಳುವ ಚಂದ್ರಲಾಂಬೆಯ ಸನ್ನತಿಯೇ ಅದು!

ಕಲಬುರ್ಗಿಯ ಹೆಸರು ಒಡಿಶಾದ ಇತಿಹಾಸದಲ್ಲಿ ಇನ್ನೊಮ್ಮೆ ಬರುತ್ತದೆ. ಹದಿನೈದನೆಯ ಶತಮಾನದ ಕಪಿಲೇಂದ್ರದೇವನಿಂದ ಮೊದಲಾದ ಗಜಪತಿ ಅರಸರ ಬಿರುದಾವಳಿಯಲ್ಲಿ 'ನವಕೋಟಿ ಕರ್ಣಾಟ ಕಲವರ್ಗೇಶ್ವರ' ಎಂಬುದೂ ಸೇರಿದೆ. ಮುಂದೆ ವಿಜಯನಗರದ ಕೃಷ್ಣದೇವರಾಯನು ಗಜಪತಿ ಪ್ರತಾಪರುದ್ರನೊಡನೆ ಯುದ್ಧ ಮಾಡಿದ. ಕೊನೆಗೆ ಆ ಮನೆತನದ ರಾಜಕುಮಾರಿಯನ್ನೇ ಮದುವೆಯಾದ. ಅರಸರ ಗಡಿಗಳು ಹೀಗೆ ಹಿಂದೆಮುಂದೆ ಸರಿದಾಡಿದವು. ಜನರ ಮಾತು ಮಾತ್ರ ತನ್ನ ನೆಲದಲ್ಲಿಯೇ ಉಳಿಯಿತು.

ಹದಿಮೂರನೆಯ ಶತಮಾನದಲ್ಲಿ ಒಂದನೆಯ ನರಸಿಂಹದೇವನು ಕಟ್ಟಿಸಿದ ಕೊನಾರ್ಕದ ಸೂರ್ಯದೇವಾಲಯದ ವೈಭವವನ್ನು ವರ್ಣಿಸಲು ನನ್ನಿಂದಾಗದು. ಏಳು ಕುದುರೆಗಳು, ಇಪ್ಪತ್ತನಾಲ್ಕು ಕಲ್ಲಿನ ಗಾಲಿಗಳು. ಒಂದೊಂದು ಗಾಲಿಯೂ ಆಳೆತ್ತರವನ್ನು ಮೀರಿದ್ದು. ಆದರೆ ಮುಖ್ಯ ಶಿಖರ ಎಂದೋ ಕುಸಿದುಹೋಗಿದೆ. ಮುಂದಿನ ಜಗಮೋಹನವೂ ಬೀಳಬಾರದೆಂದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದರ ಒಳಗೆ ಮರಳು ತುಂಬಿ ಬಾಗಿಲು ಮುಚ್ಚಿದರು.

ಮರುದಿನ ಪುರಿಯ ಬಡದಾಂಡ ಎಂಬ ಹೆದ್ದಾರಿಯಲ್ಲಿ ಬೇರೊಂದು ನೋಟ ಕಂಡೆವು. ಅಕ್ಷಯ ತೃತೀಯೆಯಿಂದ ಅಲ್ಲಿ ರಥದ ಕೆಲಸ ಆರಂಭವಾಗುತ್ತದೆ. ತಲೆತಲಾಂತರದಿಂದ ಇದೇ ಸೇವೆ ಮಾಡುವ ಬಡಿಗರು ಬಿಸಿಲಿನಲ್ಲಿ ಮರ ಕೆತ್ತುತ್ತಿದ್ದರು. ಜಗನ್ನಾಥನ ರಥಕ್ಕೆ 16, ಬಲಭದ್ರನದಕ್ಕೆ 14, ಸುಭದ್ರೆಯದಕ್ಕೆ 12 ಗಾಲಿಗಳು. ಯಾತ್ರೆ ಮುಗಿದ ಮೇಲೆ ರಥಗಳನ್ನು ಬಿಚ್ಚಿಬಿಡುತ್ತಾರೆ. ಮರುವರ್ಷ ಮತ್ತೆ ಹೊಸದು. "ಪ್ರತಿವರ್ಷ ಇಷ್ಟು ದುಡಿತವೇ?" ಎಂದು ನಮ್ಮ ಮನೆಯವರು ಬೆರಗಾದರು. ಕಲ್ಲಿನ ರಥ ನಿಂತಲ್ಲಿಯೇ ಇದೆ, ಪ್ರತಿವರ್ಷ ಕಟ್ಟುವ ಮರದ ರಥವೇ ಓಡುತ್ತಿದೆ ಎಂಬ ಮಾತು ನನ್ನ ಮನಸ್ಸಿನಲ್ಲಿ ಸುಳಿಯಿತು.

ಅಲ್ಲಿಯೇ ಒಂದು ಪುಸ್ತಕದ ಅಂಗಡಿಯಲ್ಲಿ ಒಡಿಯಾ ಅಂಕಲಿಪಿ ಕೇಳಿದೆ. ಹೋದಲ್ಲಿ ಮಕ್ಕಳ ಪುಸ್ತಕ ಕೊಳ್ಳುವುದು ನನ್ನ ಹಳೆಯ ಚಟ. ಅಂಗಡಿಯ ಹಿರಿಯರು 'ವರ್ಣಬೋಧ' ಎಂಬ ತೆಳ್ಳನೆಯ ಪುಸ್ತಕವನ್ನು ಕೈಗಿತ್ತರು. ನಾನು ಮಹಾರಾಷ್ಟ್ರದಿಂದ ಬಂದವನೆಂದು ತಿಳಿದಾಗ ನಕ್ಕು, "ಇದನ್ನು ಬರೆದವರು ನಿಮ್ಮ ಕಡೆಯವರೇ" ಎಂದು ಹಿಂದಿಯಲ್ಲಿ ಹೇಳಿದರು. 1895ರಲ್ಲಿ ಅದನ್ನು ರಚಿಸಿದ ಭಕ್ತಕವಿ ಮಧುಸೂದನ ರಾವ್ ಮರಾಠಾ ಮನೆತನದವರು. ಒಡಿಶಾದ ಮಕ್ಕಳು ತಲೆಮಾರುಗಳಿಂದ ಅಕ್ಷರ ತಿದ್ದಿದ್ದು ಈ ಪುಸ್ತಕದಿಂದ. ನಾನು ಕ್ಷಣಹೊತ್ತು ಮಾತೇ ಆಡಲಿಲ್ಲ.

ಆ ಪುಸ್ತಕದ ಹಿಂದಿನ ಕಥೆಯನ್ನು ಗಡಿನಾಡಿನವರಾದ ನಾವು ತಿಳಿಯಲೇಬೇಕು. ಆಂಗ್ಲರ ಕಾಲದಲ್ಲಿ ಒಡಿಯಾ ಜನರು ಬಂಗಾಳ, ಮದರಾಸು, ಮಧ್ಯಪ್ರಾಂತಗಳಲ್ಲಿ ಹಂಚಿಹೋಗಿದ್ದರು. ಎಲ್ಲಿಯೂ ಅವರು ಅಲ್ಪಸಂಖ್ಯಾತರೇ. ಬಾಲೇಶ್ವರದ ಶಾಲೆಯಲ್ಲಿದ್ದ ಬಂಗಾಳಿ ಪಂಡಿತರೊಬ್ಬರು 1870ರಲ್ಲಿ, ಒಡಿಯಾ ಸ್ವತಂತ್ರ ಭಾಷೆಯೇ ಅಲ್ಲವೆಂದು ಪುಸ್ತಕ ಬರೆದರು. ಒಡಿಯಾದಲ್ಲಿ ಪಠ್ಯಪುಸ್ತಕಗಳಿಲ್ಲ, ಆದ್ದರಿಂದ ಬಂಗಾಳಿಯಲ್ಲಿ ಕಲಿಸಬೇಕೆಂಬುದು ಅಂದಿನ ವಾದ. ಅದೇ ಊರಿನಲ್ಲಿ ಅಧ್ಯಾಪಕರಾಗಿದ್ದ ಫಕೀರ ಮೋಹನ ಸೇನಾಪತಿಯವರು ಬೈಗುಳಿಗೆ ಬೈಗುಳ ಕೊಡಲಿಲ್ಲ. ಮುದ್ರಣಾಲಯ ಸ್ಥಾಪಿಸಿದರು, ಪಠ್ಯಪುಸ್ತಕಗಳನ್ನು ಬರೆದರು. ಕಟಕದಲ್ಲಿ 'ಉತ್ಕಲ ದೀಪಿಕಾ' ಪತ್ರಿಕೆ ನಡೆಯಿಸಿ ಒಡಿಯಾದ ಪರ ನಿಂತ ಗೌರೀಶಂಕರ ರಾಯರ ಪೂರ್ವಜರು ಬಂಗಾಳಿಗಳೇ. ಮುಂದೆ ಮಧುಸೂದನ ದಾಸರ ಮುಂದಾಳುತನದಲ್ಲಿ 1903ರಲ್ಲಿ ಉತ್ಕಲ ಸಮ್ಮಿಲನಿ ಹುಟ್ಟಿತು. 1936ರ ಏಪ್ರಿಲ್ 1ರಂದು ಭಾಷೆಯ ಆಧಾರದ ಮೇಲೆ ಒಡಿಶಾ ಪ್ರಾಂತವಾಯಿತು. ಕರ್ನಾಟಕದ ಏಕೀಕರಣಕ್ಕಿಂತ ಇಪ್ಪತ್ತು ವರ್ಷ ಮೊದಲು. ದಾಸರು ಅದನ್ನು ಕಾಣಲು ಉಳಿದಿರಲಿಲ್ಲ, 1934ರಲ್ಲಿಯೇ ತೀರಿಕೊಂಡಿದ್ದರು.

ಅಷ್ಟಾದರೂ ಎಲ್ಲರೂ ಒಳಗೆ ಬರಲಿಲ್ಲ. ನಮ್ಮ ಗಾಡಿ ಹಾದುಬಂದ ಆಂಧ್ರದ ಇಚ್ಛಾಪುರದ ಸುತ್ತ ಇಂದಿಗೂ ಒಡಿಯಾ ಮನೆಮಾತಿನವರಿದ್ದಾರೆ. 1948ರಲ್ಲಿ ಕೆಲವು ತಿಂಗಳು ಒಡಿಶಾದಲ್ಲಿದ್ದು ಬಿಹಾರಕ್ಕೆ ಸೇರಿದ ಸರಾಯಕೆಲಾ, ಖರಸಾವಾಂಗಳು ಈಗ ಝಾರ್ಖಂಡದಲ್ಲಿವೆ. ಎಲ್ಲಿ ಗೆರೆ ಎಳೆದರೂ ಕೆಲವರು ಆಚೆ ಉಳಿಯುತ್ತಾರೆ. ಆ ಕೆಲವರು ಯಾರೆಂದು ನಮಗೆ ಯಾರೂ ಹೇಳಬೇಕಿಲ್ಲ.

ಹಿಂತಿರುಗುವ ದಾರಿಯುದ್ದಕ್ಕೂ ಆ ಪುಸ್ತಕ ನನ್ನ ಕೈಯಲ್ಲಿಯೇ ಇತ್ತು. ಮರಾಠಿ ಕಲಿಸುತ್ತೇನೆಂದ ತಂದೆಯಲ್ಲಿ ತಪ್ಪೇನಿತ್ತು? ನಮ್ಮ ಶಾಲೆಯಲ್ಲಿಯೇ ಕನ್ನಡದೊಡನೆ ಮರಾಠಿಯನ್ನೂ ಗಟ್ಟಿಯಾಗಿ ಕಲಿಸುತ್ತೇನೆಂಬ ಭರವಸೆ ಕೊಡಬೇಕಾದವನು ನಾನು, ಕೊಟ್ಟದ್ದು ಬೈಗುಳ.

ಜೂನ್ ತಿಂಗಳು ಶಾಲೆ ತೆರೆಯುವ ಮುನ್ನ ಒಂದು ಸಂಜೆ ಅವರ ಮನೆಗೆ ಹೋದೆ. "ನನ್ನ ಮಾತು ತಪ್ಪಾತಪ್ಪಾ" ಎಂದೆ. ಆತ ಗಾಬರಿಯಾಗಿ, "ಛೇ ಛೇ, ಗುರುಗಳ, ಕೂಡ್ರಿ ಮೊದಲ" ಎಂದು ಕಂಬಳಿ ಹಾಸಿದ. ಮುಂಜಾನೆ ಶಾಲೆಗಿಂತ ಒಂದು ತಾಸು ಮೊದಲು ಮರಾಠಿ ಪಾಠ ಇಡುತ್ತೇನೆ, ಒಂದು ವರ್ಷ ನೋಡು ಎಂದು ಹೇಳಿದೆ. ಹುಡುಗಿ ಅಷ್ಟರಲ್ಲಿ ವರ್ಣಬೋಧವನ್ನು ತಿರುವಿಹಾಕುತ್ತಿದ್ದಳು. "ಇವು ನಮ್ಮ ಅಕ್ಷರದಂಗ ದುಂಡಗ ಅದಾವ್ರಿ ಗುರುಗಳ. ಆದ್ರ ಎಲ್ಲಾದಕ್ಕೂ ಛತ್ರಿ ಹಿಡದಾರ" ಎಂದಳು. ಅವರವ್ವ ಬಾಗಿಲಲ್ಲಿ ನಿಂತು ನಕ್ಕಳು.

ತಂದೆ ಆ ದಿನ ಹ್ಞೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ದಾಖಲೆಯನ್ನು ಬರೆದು, ಸಹಿ ಮಾಡಿ ಮೇಜಿನ ಖಾನೆಯಲ್ಲಿ ಇಟ್ಟಿದ್ದೆ. ಕೇಳಿದ ದಿನ ಕೊಡುವುದು ನನ್ನ ಕರ್ತವ್ಯ. ಅದು ಇಂದಿಗೂ ಅಲ್ಲಿಯೇ ಇದೆ. ಮುಂಜಾನೆಯ ಮರಾಠಿ ಪಾಠಕ್ಕೆ ಆ ಹುಡುಗಿಯೇ ಎಲ್ಲರಿಗಿಂತ ಮೊದಲು ಬಂದು ಕೂಡುತ್ತಾಳೆ. ಬರುವ ಜೂನಿಗೆ ಏನಾಗುವುದೋ ತಿಳಿಯದು. ರಥವನ್ನಂತೂ ಮತ್ತೆ ಹೊಸದಾಗಿ ಕಟ್ಟಲೇಬೇಕು.