ಕಾವಲಿಲ್ಲದ ಕಿಂಡಿ

ಚಿತ್ರದುರ್ಗಕ್ಕೆ ಬಂದ ನೆಂಟರನ್ನು ಕೋಟೆಗೆ ಕರೆದುಕೊಂಡು ಹೋಗುವುದು ಇಲ್ಲಿಯವರ ಪಾಲಿಗೆ ಒಂದು ನಿತ್ಯಕರ್ಮ. ಇಪ್ಪತ್ತು ವರ್ಷಗಳಿಂದ ಇಲ್ಲಿ ಕಾಲೇಜಿನ ಹುಡುಗರಿಗೆ ಕನ್ನಡ ಹೇಳುತ್ತಿರುವ ನಾನಂತೂ ಪಾಠಕ್ಕಿಂತ ಈ ಕೆಲಸದಲ್ಲೇ ಹೆಚ್ಚು ಪಳಗಿದ್ದೇನೆ. ಏಳು ಸುತ್ತಿನ ಕೋಟೆಯ ಬಾಗಿಲು, ಬತೇರಿ, ಹೊಂಡಗಳನ್ನು ನಾನು ಎಷ್ಟೇ ವರ್ಣಿಸಲಿ, ನೆಂಟರ ಕಣ್ಣು ಹುಡುಕುವುದು ಓಬವ್ವನ ಕಿಂಡಿಯನ್ನು. ಅದನ್ನು ಕಂಡ ಕೂಡಲೇ ಹೇಳುವ ಮಾತೂ ಒಂದೇ: “ಇಷ್ಟೇನಾ?”

ಇಷ್ಟೇ. ಒಬ್ಬ ಮನುಷ್ಯ ಮೈ ಹಿಂಡಿಕೊಂಡು ನುಸುಳಬಹುದಾದ ಒಂದು ಸಂದು. ಹೆಬ್ಬಾಗಿಲುಗಳನ್ನೆಲ್ಲ ಬಿಟ್ಟು ಹೈದರಾಲಿಯ ಕಡೆಯವರು ಬಂದದ್ದು ಇಲ್ಲಿ. ಕಾವಲುಗಾರ ಊಟಕ್ಕೆ ಹೋಗಿದ್ದಾಗ ಅವನ ಹೆಂಡತಿ ಒನಕೆ ಹಿಡಿದು ನಿಂತದ್ದೂ ಇಲ್ಲೇ. ಈ ಕಥೆಯನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಆದರೆ 2017ರಿಂದ ಈಚೆಗೆ ಆ ಕಿಂಡಿಯ ಮುಂದೆ ನಿಂತಾಗ ನನಗೆ ಮೊದಲು ನೆನಪಾಗುವುದು ಹೈದರಾಲಿಯೂ ಅಲ್ಲ, ಓಬವ್ವನೂ ಅಲ್ಲ. ನಮ್ಮ ಅಕ್ಕನ ಒಂದು ಹುಳುಕು ಹಲ್ಲು.

ನಾವು ಹೊಸದುರ್ಗದ ಕಡೆಯವರು. ಅಕ್ಕನಿಗೆ ಹನ್ನೆರಡು ವರ್ಷವಾಗಿದ್ದಾಗ ಗಂಟಲು ನೋವು ಬಂದು ಹೋಯಿತು. ಎರಡು ಮೂರು ವಾರ ಕಳೆದ ಮೇಲೆ ಮಂಡಿ ಊದಿತು. ಮಂಡಿ ಇಳಿದರೆ ಮೊಣಕೈ, ಅದು ಇಳಿದರೆ ಮಣಿಕಟ್ಟು. ಜೊತೆಗೆ ಜ್ವರ. ಅವ್ವ ಬೆಳೆಯುವ ಹುಡುಗಿಯ ವಾಯು ಎಂದು ಎಣ್ಣೆ ತಿಕ್ಕಿದಳು. ಆಮೇಲೆ ತೋರಿಸಿದ ವೈದ್ಯರು ಎದೆಯ ಮೇಲೆ ಕೊಳವೆ ಇಟ್ಟು ಬಹಳ ಹೊತ್ತು ಆಲಿಸಿ, “ಇದು ರುಮ್ಯಾಟಿಕ್ ಜ್ವರ” ಎಂದರು. ಇದು ಕೀಲನ್ನು ನೆಕ್ಕಿ ಹೃದಯವನ್ನು ಕಚ್ಚುವ ಜ್ವರವೆಂದು ವೈದ್ಯರಲ್ಲಿ ಒಂದು ಹಳೆಯ ಮಾತಿದೆಯಂತೆ. ಅಕ್ಕನ ಹೃದಯದ ಕವಾಟವನ್ನು ಅದು ಕಚ್ಚಿಯಾಗಿತ್ತು. ಕವಾಟ ಮತ್ತಷ್ಟು ಕೆಡದ ಹಾಗೆ ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಸೂಜಿ ಹಾಕಿಸಬೇಕೆಂದು ಅಪ್ಪಣೆಯಾಯಿತು. ಆ ಸೂಜಿಯ ನೋವು ಎಂಥದೆಂಬುದು ಹಾಕಿಸಿಕೊಂಡವರಿಗೇ ಗೊತ್ತು. ಅಕ್ಕ ಹತ್ತು ವರ್ಷ ಕುಂಟುತ್ತ ಹೋಗಿ ಹಾಕಿಸಿಕೊಂಡು ಬಂದಳು. ಎಷ್ಟೋ ಸಲ ಜೊತೆಗೆ ಹೋದವನು ನಾನೇ.

1999ರಲ್ಲಿ ಹೊಳಲ್ಕೆರೆಯ ಸೋದರಮಾವ ಒಂದು ಸಂಬಂಧ ತಂದರು. ಹಿರಿಯೂರಿನ ಬಳಿ, ಮಾರಿಕಣಿವೆಯ ನಾಲೆಯ ನೀರು ಹರಿಯುವ ತೋಟ, ಒಳ್ಳೆಯ ಮನೆತನ, ಹುಡುಗ ಒಂದು ಬೀಡಿ ಸೇದಿದವನಲ್ಲ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದು ನಮ್ಮಲ್ಲಿ ಗಾದೆಯಿದೆ. ನಾವು ಒಂದು ಸುಳ್ಳನ್ನೂ ಹೇಳಲಿಲ್ಲ. ಒಂದು ನಿಜವನ್ನು ಮಾತ್ರ ಹೇಳದೆ ಉಳಿಸಿಕೊಂಡೆವು. “ಎದೆಯ ವಿಷಯ ಎಲ್ಲೂ ಬಾಯಿ ಬಿಡಬೇಡ” ಎಂದು ಅವ್ವ ನನ್ನಿಂದ ಮಾತು ತೆಗೆದುಕೊಂಡಳು. ನಾನಾಗ ಬಿ.ಎ. ಓದುವ ಹುಡುಗ, ಸತ್ಯವನ್ನು ಕುರಿತು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆಯುತ್ತಿದ್ದವನು. ತಲೆಯಾಡಿಸಿದೆ. ಗಂಡನ ಮನೆಗೆ ಹೋದ ಹೆಣ್ಣು ಮೂರು ವಾರಕ್ಕೊಮ್ಮೆ ಸೂಜಿಗೆ ಹೋದರೆ ಯಾಕೆಂದು ಯಾರಾದರೂ ಕೇಳಿಯಾರು. ಸೂಜಿ ನಿಂತಿತು.

ಹದಿನೆಂಟು ವರ್ಷ ಏನೂ ಆಗಲಿಲ್ಲ ಎಂದೇ ನಾವು ತಿಳಿದಿದ್ದೆವು. ಮಗ ಹುಟ್ಟಿದ, ದೊಡ್ಡವನಾದ. ಮೆಟ್ಟಿಲು ಹತ್ತಿದರೆ ಅಕ್ಕನಿಗೆ ಉಬ್ಬಸ ಬರುತ್ತಿತ್ತು. “ಮೈ ಬಂದಿದೆ” ಎಂದು ನಗುತ್ತಿದ್ದಳು. 2017ರ ಬೇಸಗೆಯಲ್ಲಿ ದವಡೆಯ ಹಲ್ಲೊಂದು ಹುಳುಕಾಗಿ ವಸಡು ಊದಿತು. ಲವಂಗ ಇಟ್ಟುಕೊಂಡು ತಿಂಗಳು ದೂಡಿದಳು. ಆಮೇಲೆ ಸಂಜೆಯ ಹೊತ್ತು ಸಣ್ಣ ಜ್ವರ, ರಾತ್ರಿ ಬೆವರು, ಊಟ ಸೇರದು. ಒಬ್ಬರು ಟೈಫಾಯಿಡ್ ಎಂದರು, ಒಬ್ಬರು ಮಲೇರಿಯಾ ಎಂದರು. ಸೂಜಿ, ಮಾತ್ರೆ ಬಿದ್ದೊಡನೆ ಜ್ವರ ನಾಲ್ಕು ದಿನ ಮಾಯವಾಗುವುದು. ಐದನೆಯ ದಿನ ಬಿಟ್ಟುಹೋದ ಕೊಡೆಯನ್ನು ಕೇಳಲು ಬಂದ ನೆಂಟನ ಹಾಗೆ ಮತ್ತೆ ಹಾಜರು. ಹೀಗೆ ಏಳು ವಾರ ಕಳೆಯಿತು.

ಕೊನೆಗೆ ಭಾವ ಅವಳನ್ನು ದುರ್ಗಕ್ಕೆ, ನಮ್ಮ ಮನೆಗೆ ಕರೆತಂದರು. ಇಲ್ಲಿ ನೋಡಿದವರು ಒಬ್ಬ ಚಿಕ್ಕ ವಯಸ್ಸಿನ ವೈದ್ಯೆ. ಅಕ್ಕನ ಬೆರಳ ತುದಿಯಲ್ಲಿ ಎದ್ದಿದ್ದ ಕೆಂಪು ಗಂಟನ್ನು ಒತ್ತಿ ನೋಡಿದರು, ಎದೆಯನ್ನು ಆಲಿಸಿದರು. ಮೆಲ್ಲನೆ ಕೇಳಿದರು: “ಅಮ್ಮಾ, ಚಿಕ್ಕವರಿದ್ದಾಗ ಕೀಲು ಊದಿ ಜ್ವರ ಬಂದಿತ್ತಾ?”

ಅಕ್ಕ ನನ್ನ ಮುಖ ನೋಡಿದಳು. ಭಾವ ಅಕ್ಕನ ಮುಖ ನೋಡಿದರು. ಅವ್ವ ತೀರಿಕೊಂಡು ಆಗಲೇ ನಾಲ್ಕು ವರ್ಷವಾಗಿತ್ತು. ನಾನು ಹೇಳಿದೆ.

ರೋಗದ ಹೆಸರು ಎಂಡೋಕಾರ್ಡೈಟಿಸ್. ಹೃದಯದ ಒಳಪೊರೆಗೆ, ಹೆಚ್ಚಾಗಿ ಕವಾಟಕ್ಕೆ, ರೋಗಾಣು ಹತ್ತಿಕೊಳ್ಳುವುದು. ನಮ್ಮೆಲ್ಲರ ಬಾಯಲ್ಲೂ ರೋಗಾಣುಗಳು ಸಂಸಾರ ಹೂಡಿರುತ್ತವೆ. ವಸಡು ಕೆಟ್ಟಿದ್ದರೆ ಹಲ್ಲುಜ್ಜಿದಾಗ, ಕಡಲೆ ಅಗಿದಾಗಲೂ ಅವುಗಳಲ್ಲಿ ಕೆಲವು ರಕ್ತಕ್ಕೆ ನುಸುಳಿಯಾವು. ನುಣುಪಾದ ಕವಾಟದ ಮೇಲೆ ಅವಕ್ಕೆ ಕಾಲೂರಲು ಎಡೆ ಸಿಗುವುದು ಅಪರೂಪ. ರಕ್ತದ ಕಾವಲುಪಡೆ ಮುಗಿಸಿಬಿಡುತ್ತದೆ. ಹಿಂದೆ ಗಾಯಗೊಂಡು ಒರಟಾದ ಕವಾಟ ಸಿಕ್ಕಿತೋ, ಅಲ್ಲಿ ಅಂಟಿ ಗುಂಪುಗಟ್ಟಿ ಪಾಚಿಯಂತೆ ಬೆಳೆಯುತ್ತವೆ. ಹೃದಯವೋ, ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುವಂಥದು. ಪ್ರತಿ ಬಡಿತಕ್ಕೂ ಆ ಪಾಚಿ ಅಲುಗುತ್ತದೆ. ಒಂದು ಚೂರು ಕಿತ್ತು ಮೆದುಳಿಗೆ ಹೋಯಿತೆಂದರೆ ಪಾರ್ಶ್ವವಾಯು.

ಬೆಂಗಳೂರಿನ ಆಸ್ಪತ್ರೆಯಲ್ಲಿ ಬೇರೆ ಬೇರೆ ಕಡೆಯಿಂದ ಮೂರು ಸಲ ರಕ್ತ ತೆಗೆದು ರೋಗಾಣುವನ್ನು ಬೆಳೆಸಲು ಇಟ್ಟರು. ಏನೂ ಬೆಳೆಯಲಿಲ್ಲ. “ಮೊದಲೇ ಆ್ಯಂಟಿಬಯಾಟಿಕ್ ಕೊಟ್ಟುಬಿಟ್ಟಿದ್ದಾರೆ. ಗುರುತು ಅಳಿಸಿಹೋಗಿದೆ. ನಮ್ಮ ದೇಶದಲ್ಲಿ ಇದು ದಿನದ ಗೋಳು” ಎಂದರು ಅಲ್ಲಿನ ಹಿರಿಯ ವೈದ್ಯರು. ಹಸ್ತಪ್ರತಿಗಳೊಡನೆ ಹೆಣಗಿದ ನನಗೆ ಈ ಮಾತು ಥಟ್ಟನೆ ಅರ್ಥವಾಯಿತು. ಅರ್ಥವಾಗದ ಓಲೆಯನ್ನು ಅರೆತಿಳಿದ ಲಿಪಿಕಾರ ತಿದ್ದಿಬಿಟ್ಟರೆ ಮೂಲಪಾಠ ಯಾವುದೆಂದು ದೇವರೇ ಹೇಳಬೇಕು. ಅಕ್ಕನ ಸ್ಥಿತಿ ತಾಳುವಂತಿದ್ದುದರಿಂದ ಔಷಧವನ್ನು ಕೆಲವು ದಿನ ತಡೆದು ಮತ್ತೆ ರಕ್ತ ತೆಗೆದರು. ಈ ಸಲ ಮೂಲಪಾಠ ಸಿಕ್ಕಿತು: ಬಾಯಲ್ಲಿ ವಾಸಿಸುವ ಸ್ಟ್ರೆಪ್ಟೊಕಾಕಸ್ ಜಾತಿಯ ರೋಗಾಣು.

ಆಮೇಲೆ ಆರು ವಾರ ನರದೊಳಗೆ ಔಷಧಿ. ಹಾಸಿಗೆಯ ಪಕ್ಕದಲ್ಲಿ ಕುಳಿತು ನಾನು ಈ ರೋಗದ ಚರಿತ್ರೆ ಓದಿದೆ. 1885ರಲ್ಲಿ ಲಂಡನ್ನಿನ ಉಪನ್ಯಾಸಗಳಲ್ಲಿ ವಿಲಿಯಂ ಆಸ್ಲರ್ ಇದನ್ನು ವಿಶದವಾಗಿ ವಿವರಿಸಿದ. ಅಕ್ಕನ ಬೆರಳಿನ ಆ ಗಂಟಿಗೂ ಅವನದೇ ಹೆಸರು. 1911ರಲ್ಲಿ ನ್ಯೂಯಾರ್ಕಿನಲ್ಲಿ ಸಂಗೀತಗಾರ ಗುಸ್ತಾವ್ ಮಾಹ್ಲರನ ರಕ್ತದಲ್ಲಿ ಇಂಥದೇ ರೋಗಾಣು ಬೆಳೆಯಿತು. ಗುರುತು ಸಿಕ್ಕಿತು, ಮದ್ದು ಇರಲಿಲ್ಲ. ಅದೇ ವರ್ಷದ ಮೇ 18ರಂದು ವಿಯೆನ್ನಾದಲ್ಲಿ ಅವನು ತೀರಿಕೊಂಡ. 1940ರ ದಶಕದಲ್ಲಿ ಪೆನಿಸಿಲಿನ್ ಬರುವವರೆಗೆ ಈ ರೋಗ ಬಂದವರು ಉಳಿದದ್ದೇ ಅಪರೂಪ. ಅಕ್ಕ ಮನೆಗೆ ಬಂದ ಮರುವರ್ಷ, 2018ರಲ್ಲಿ, ಡೆನ್ಮಾರ್ಕಿನವರು 400 ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯ ಫಲಿತಾಂಶ ಪ್ರಕಟವಾಯಿತು. ಕನಿಷ್ಠ ಹತ್ತು ದಿನ ನರದ ಮೂಲಕ ಔಷಧಿ ಕೊಟ್ಟು, ಸ್ಥಿತಿ ಸುಧಾರಿಸಿದವರನ್ನು ಕಟ್ಟುನಿಟ್ಟಾದ ನಿಗಾದಲ್ಲಿ ಮಾತ್ರೆಗೆ ಬದಲಿಸಿದರೆ ನಷ್ಟವಿಲ್ಲವೆಂದು ತಿಳಿಯಿತು. ಯಾರೋ ನಾನೂರು ಜನ ತಮ್ಮ ಮೈಯನ್ನು ಒಪ್ಪಿಸಿದ್ದರಿಂದ ಮುಂದೆ ಎಷ್ಟೋ ಜನಕ್ಕೆ ಆಸ್ಪತ್ರೆಯ ವಾಸ ತಗ್ಗೀತು. ಸಂಶೋಧನೆಯೆಂದರೆ ಧೂಳು ಕೊಡವುವುದೆಂದು ತಿಳಿದಿದ್ದ ನನಗೆ ಇದು ಹೊಸ ಪಾಠ.

ಔಷಧಿ ರೋಗಾಣುವನ್ನು ಕೊಂದಿತು. ಹರಿದ ಕವಾಟವನ್ನು ಹೊಲಿಯಲಿಲ್ಲ. ಅದನ್ನು ತೆಗೆದು ಕೃತಕ ಕವಾಟ ಹಾಕಿದರು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ವಲಿಯತ್ತಾನರು ಮತ್ತು ಸಂಗಡಿಗರು ವರ್ಷಗಟ್ಟಲೆ ಶ್ರಮಿಸಿ ರೂಪಿಸಿದ ಕವಾಟ ಅದು. ಮನುಷ್ಯನಿಗೆ ಮೊದಲು ಹಾಕಿದ್ದು 1990ರ ಡಿಸೆಂಬರಿನಲ್ಲಿ. ವಲಿಯತ್ತಾನರು ಆಮೇಲೆ ನಮ್ಮ ಮಣಿಪಾಲದಲ್ಲಿ ಕುಲಪತಿಗಳಾಗಿದ್ದರು, ಚರಕ ಸುಶ್ರುತರ ಮೇಲೆ ಪುಸ್ತಕ ಬರೆದರು, 2024ರಲ್ಲಿ ತೀರಿಕೊಂಡರು. ಅವರನ್ನು ಒಮ್ಮೆ ಕಂಡು ಕೈಮುಗಿಯಬೇಕೆಂದಿದ್ದೆ. ಆಗಲಿಲ್ಲ.

ಶಸ್ತ್ರಚಿಕಿತ್ಸೆಯ ದಿನ ಹೊರಗಿನ ಬೆಂಚಿನ ಮೇಲೆ ನಾನು, ಭಾವ ಇಬ್ಬರೇ. ದುರ್ಗದ ಆ ಗಳಿಗೆಯಿಂದ ಅವರು ಆ ವಿಷಯ ಎತ್ತಿರಲಿಲ್ಲ. ಅವತ್ತು ಎತ್ತಿದರು: “ಮೇಷ್ಟ್ರೇ, ಮೂರು ವಾರಕ್ಕೊಂದು ಸೂಜಿ ತಾನೆ? ನಾನು ವಾರಕ್ಕೊಂದು ಸಲ ಹಿರಿಯೂರಿಗೆ ಹೋಗಿ ಬರೋನು. ಜೊತೆಗೆ ಕರಕೊಂಡು ಹೋಗ್ತಿದ್ದೆ.” ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಹಲ್ಲು ಹುಳುಕಾದದ್ದು ಹಣೆಬರಹ ಎನ್ನೋಣ. ಕಿಂಡಿ ಎಲ್ಲಿದೆಯೆಂದು ಬಲ್ಲ ನಾವೇ ಕಾವಲಿನವನಿಗೆ ಹೇಳದೆ ಉಳಿದೆವು. ಕೋಟೆ ಕೊಳ್ಳೆ ಹೋದ ಮೇಲೆ ಊರ ಬಾಗಿಲು ಹಾಕುವ ಗಾದೆಯನ್ನು ತರಗತಿಯಲ್ಲಿ ವಿವರಿಸುವಾಗ ಈಗಲೂ ನನ್ನ ದನಿ ತಡವರಿಸುತ್ತದೆ.

ಅಕ್ಕ ಉಳಿದಳು. ಮೂರು ವಾರದ ಸೂಜಿ ಮತ್ತೆ ಶುರುವಾಯಿತು. ಭಾವ ಕ್ಯಾಲೆಂಡರಿನಲ್ಲಿ ಕೆಂಪು ಗುರುತು ಹಾಕುತ್ತಾರೆ. ರಕ್ತ ಹೆಪ್ಪುಗಟ್ಟದಂತೆ ದಿನವೂ ಮಾತ್ರೆ. ಹಲ್ಲಿನವರ ಹತ್ತಿರ ಹೋಗುವ ಮುಂಚೆ ಕವಾಟದ ಚೀಟಿ ತೋರಿಸಿ ಔಷಧಿ. 2022ರ ಸೆಪ್ಟೆಂಬರಿನಲ್ಲಿ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿದ್ದಾಗ ಊರಿಗೆ ಮುಂಚೆ ಹೋಗಿ ನಿಂತವಳು ಅವಳೇ.

ಈಗ ಮಗನಿಗೆ ಹೆಣ್ಣು ನೋಡುತ್ತಿದ್ದಾರೆ. ಮೊನ್ನೆ ಹೊಳಲ್ಕೆರೆಯ ಕಡೆಯಿಂದ ಜಾತಕ ತಂದವರು ಕಾಫಿ ಕುಡಿದು, ಕುಲ ಗೋತ್ರ, ತೋಟ ತುಡಿಕೆ ಎಲ್ಲ ಮಾತಾಡಿ ಎದ್ದರು. ಅಕ್ಕ ಬಾಗಿಲವರೆಗೆ ಹೋಗಿ ಹೇಳಿದಳು:

“ಹುಡುಗಿಗೆ ಏನಾದರೂ ಕಾಯಿಲೆ ಕಸಾಲೆ ಇದ್ದರೆ ಈಗಲೇ ಹೇಳಿಬಿಡ್ರಪ್ಪ. ಬೇಡ ಅನ್ನೋದಕ್ಕಲ್ಲ. ಸೂಜಿಗೆ ನಾನೂ ಹೋಗ್ತೀನಲ್ಲ, ಜೊತೆಗೆ ಕರಕೊಂಡು ಹೋಗಬಹುದು ಅಂತ.”