ಕೆಳಗಿನ ದಾರ

ಕೌದಿ ಹೊಲಿಯುವವರಿಗೆ ಬಾಬಿನ್ ಬೇಕಿಲ್ಲ. ಮುಂಡಗೋಡ, ಹಳಿಯಾಳ ಸೀಮೆಯ ಸಿದ್ದಿ ಹೆಂಗಸರು ಹಳೆ ಸೀರೆ, ಅಂಗಿಯ ತುಂಡುಗಳನ್ನಿಟ್ಟು ಅಂಚಿನಿಂದ ನಡುವಿಗೆ ಕೈಯಲ್ಲೇ ಹೊಲಿಯುತ್ತ ಬರುತ್ತಾರೆ. ಒಂದೇ ಸೂಜಿ, ಒಂದೇ ದಾರ. ಮಷಿನ್ನಿಗೆ ಎರಡು ದಾರ ಬೇಕು. 1846ರಲ್ಲಿ ಅಮೆರಿಕದ ಎಲಿಯಾಸ್ ಹೌ ಪೇಟೆಂಟ್ ಪಡೆದ ಯಂತ್ರದಲ್ಲೂ ಮೇಲಿನ ದಾರ ಕೆಳಗಿನದಕ್ಕೆ ಕೊಂಡಿ ಹಾಕಿಕೊಂಡರೇ ಹೊಲಿಗೆ.

ಚಿಗಳ್ಳಿಯ ನನ್ನ ಚಿಕ್ಕಮ್ಮ ಜೂನ್ ಬಂತೆಂದರೆ ಶಾಲೆಯ ಯೂನಿಫಾರ್ಮ್ ಹೊಲಿಯುತ್ತಾಳೆ. ಹೊಲಿಗೆ ಸಡಿಲಾದರೆ ಆ ದಿನದ ದುಡಿಮೆ ಬಿಚ್ಚುವುದಕ್ಕೇ ಹೋಗುತ್ತದೆ. ಹಾಗಾದಾಗ ಕಲಿಯಲು ಬಂದ ಹುಡುಗಿಯರು ಮೇಲಿನ ಟೆನ್ಷನ್ ತಿರುಗಿಸಲು ಹೋಗುತ್ತಾರೆ. ಅವಳು ಮೊದಲು ಬಾಬಿನ್ ತೆಗೆದು ಬೆರಳಿಂದ ಒತ್ತಿ ನೋಡುತ್ತಾಳೆ.

ದಾರ ಮೆತ್ತಗಿದ್ದರೆ, ಸುತ್ತುವಾಗ ಅದು ಟೆನ್ಷನ್ ಬಿಲ್ಲೆಗಳ ನಡುವೆ ಹಾದಿಲ್ಲ, ಇಲ್ಲವೇ ಅಲ್ಲಿ ಧೂಳು ಕೂತಿದೆ. ಒಂದೇ ಕಡೆ ಉಬ್ಬಿದ್ದರೆ, ಆ ಬಿಲ್ಲೆ ಬಾಬಿನ್ನಿನ ನಡುಮಟ್ಟಕ್ಕಿಲ್ಲ. ಬಾಬಿನ್ ತಿರುಗದೆ ನಿಂತರೆ, ಸುತ್ತುವ ರಬ್ಬರ್ ರಿಂಗ್ ಸವೆದಿದೆ ಅಥವಾ ಅದಕ್ಕೆ ಎಣ್ಣೆ ತಾಗಿ ಜಾರುತ್ತಿದೆ. ಅಂಚು ಮೀರಿ ತುಂಬಿದರೆ ಕೇಸಿನೊಳಗೆ ಸಿಕ್ಕಿಕೊಳ್ಳುತ್ತದೆ. ಹಳೆ ದಾರದ ಮೇಲೆ ಹೊಸದನ್ನು ಸುತ್ತಲು ಅವಳು ಬಿಡುವುದಿಲ್ಲ.

“ಕೆಳಗಿಂದು ನೆಟ್ಟಗ ಸುತ್ತದಿದ್ರ ಮ್ಯಾಲಿಂದರ ಏನ್ ಮಾಡೀತವ್ವಾ?” ಎನ್ನುತ್ತಾಳೆ.

ತೊಟ್ಟವರಿಗೆ ಕಾಣುವುದು ಮೇಲಿನ ಗೆರೆ. ಅದು ನೇರವಿದ್ದಾಗ ಕೆಳಗಿನ ದಾರವನ್ನು ಯಾರೂ ಕೇಳುವುದಿಲ್ಲ, ಹೊಲಿದವಳನ್ನೂ ಕೇಳುವುದಿಲ್ಲ. ಕಿತ್ತುಹೋದಾಗ ಮಾತ್ರ ಇಬ್ಬರ ನೆನಪಾಗುತ್ತದೆ. ಒಂದು ರಬ್ಬರ್ ರಿಂಗಿಗಾಗಿ ಚಿಕ್ಕಮ್ಮ ಮುಂಡಗೋಡದ ಬಸ್ಸು ಹಿಡಿಯಬೇಕು. ಅದಕ್ಕೇ ಮೇ ತಿಂಗಳಲ್ಲೇ ಎರಡು ತಂದು, ಗುಂಡಿಯ ಡಬ್ಬಿಯಲ್ಲಿ ಇಟ್ಟುಕೊಂಡಿರುತ್ತಾಳೆ.