ಖಾಡಿಗೆ ಮುಖ ಮಾಡಿದ ಮನೆ

ಲಿಫ್ಟಿನ ಕೆಂಪು ಅಂಕಿಗಳು ಹತ್ತು, ಹದಿನೆಂಟು, ಇಪ್ಪತ್ತನಾಲ್ಕು ಎಂದು ಓಡಿ 27ರಲ್ಲಿ ನಿಲ್ಲುವ ಹೊತ್ತಿಗೆ ನಿಮ್ಮ ಕಿವಿ ಮೆಲ್ಲಗೆ ಕಟ್ಟಿಕೊಂಡಿರುತ್ತದೆ. ಕೆಳಗೆ ಗೇಟಿನಲ್ಲಿ ವಾಚ್‌ಮನ್ ನಿಮ್ಮ ಫೋಟೊ ತೆಗೆದು, ಮನೆಯವರ ಫೋನಿಗೆ ಕಳಿಸಿ, ಅವರ ಒಪ್ಪಿಗೆ ಬಂದ ಮೇಲೆಯೇ ಒಳಗೆ ಬಿಟ್ಟದ್ದು. ನೀವೀಗ ನವಿ ಮುಂಬಯಿಯ ಸೀವುಡ್ಸ್‌ನಲ್ಲಿದ್ದೀರಿ, ಪಾಮ್ ಬೀಚ್ ರಸ್ತೆಯ ಅಂಚಿನ ಒಂದು ಗೋಪುರದೊಳಗೆ. ಭಾರತ ಹುಣ್ಣಿಮೆಯ ದಿನ, ಸಂಜೆ ಐದು ಗಂಟೆ. ಕುಂದಾಪುರ ಕಡೆಯ ಕುಟುಂಬವೊಂದು ನಿಮ್ಮನ್ನು ಉಳಿಯಲು ಕರೆದಿದೆ.

ಬಾಗಿಲಲ್ಲಿ ಮಾವಿನೆಲೆಯ ತೋರಣ. ಒಳಗೆ ಪಾದಕ್ಕೆ ತಣ್ಣಗೆ ತಾಗುವ ಬಿಳಿ ಅಮೃತಶಿಲೆ. ಎಡಕ್ಕೆ ಅಡುಗೆಮನೆ: ಹಿಡಿಯಿಲ್ಲದ ಕಪಾಟುಗಳು, ಗೋಡೆಯೊಳಗೆ ಕೂಡಿಸಿದ ಓವನ್, ಅದರ ಕೆಳಗೆ ಊರಿಂದ ಬಂದ ಕುಚ್ಚಲಕ್ಕಿಯ ಚೀಲ. ಎದುರಿಗೆ ಗೋಡೆಯೇ ಇಲ್ಲ. ನೆಲದಿಂದ ಸೂರಿನವರೆಗೂ ಗಾಜು, ಗಾಜಿನಾಚೆ ಬಾಲ್ಕನಿ, ಬಾಲ್ಕನಿಯಾಚೆ ಸಮುದ್ರದ ನೀರು ಒಳಸರಿದು ಬರುವ ಠಾಣೆ ಖಾಡಿ.

ಮನೆಯ ಹಿರಿಯರು ಅಲ್ಲೇ ಬೆತ್ತದ ಕುರ್ಚಿಯಲ್ಲಿ ಕೂತಿದ್ದಾರೆ, ತೊಡೆಯ ಮೇಲೊಂದು ದುರ್ಬೀನು. ಮಗ, ಸೊಸೆ, ಮೊಮ್ಮಕ್ಕಳು ಎಲ್ಲರಿಗೂ ಅವರು ಅಪ್ಪಯ್ಯ.

“ಹ್ವಾಯ್, ಮೊದ್ಲ್ ಇಲ್ ಬನ್ನಿ. ಚಾ ಆಮೇಲೆ. ನೀರ್ ಇಳೀತಾ ಇತ್ತ್ ಕಾಣಿ.”

ಬಾಲ್ಕನಿಗೆ ಕಾಲಿಟ್ಟ ಕೂಡಲೇ ಗಾಳಿ ಅಂಗಿಯನ್ನು ಮೈಗೆ ಒತ್ತುತ್ತದೆ. ಕಬ್ಬಿಣದ ಕಂಬಿಯನ್ನು ಕೈ ತಾನಾಗಿ ಹಿಡಿಯುತ್ತದೆ. ಕಾಲಬುಡದಲ್ಲಿ ಪಾಮ್ ಬೀಚ್ ರಸ್ತೆ. ವಾಶಿಯಿಂದ ಬೇಲಾಪುರದವರೆಗೆ ಖಾಡಿಯನ್ನು ಬಳಸಿ ಹೋಗುವ ಆ ರಸ್ತೆಯಲ್ಲಿ ಕಾರುಗಳು ಸದ್ದಿಲ್ಲದೆ ಹರಿಯುತ್ತಿವೆ. ರಸ್ತೆ ದಾಟಿದರೆ ಕಾಂಡ್ಲಾ ಕಾಡು, ದಟ್ಟವಾದ ಬೂದು ಹಸಿರು. ಅದರ ಮಗ್ಗುಲಲ್ಲಿ ಅಲ್ಲಲ್ಲಿ ಹೊಳೆಯುವ ಆಳವಿಲ್ಲದ ಕೆರೆಗಳು. ಅದರಾಚೆ ಕೆಸರು. ಕೆಸರಿನಾಚೆ ನೀರು. ನೀರಿನಾಚೆ ದಡದಲ್ಲಿ ಟ್ರಾಂಬೆ ಗುಡ್ಡ, ಅದರ ಬುಡದಲ್ಲಿ ಭಾಭಾ ಅಣುಶಕ್ತಿ ಕೇಂದ್ರದ ಗುಮ್ಮಟ. 1956ರಲ್ಲಿ ಏಷ್ಯಾದ ಮೊದಲ ಸಂಶೋಧನಾ ರಿಯಾಕ್ಟರುಗಳಲ್ಲಿ ಒಂದಾದ ‘ಅಪ್ಸರಾ’ ಉರಿಗೊಂಡದ್ದು ಆ ದಡದಲ್ಲಿಯೇ. ಹವೆ ತಿಳಿಯಾಗಿರುವುದರಿಂದ ಎಡಕ್ಕೆ, ಬಹು ದೂರದಲ್ಲಿ, ಅಟಲ್ ಸೇತುವಿನ ಗೆರೆ ಕಾಣುತ್ತದೆ. 2024ರ ಜನವರಿಯಲ್ಲಿ ತೆರೆದ ಅದು 21.8 ಕಿಲೋಮೀಟರ್ ಉದ್ದ, ಅದರಲ್ಲಿ ಹದಿನಾರೂವರೆ ಸಮುದ್ರದ ಮೇಲೆಯೇ. ಅದರ ಹಿಂದೆ ಘಾರಾಪುರಿಯ ದ್ವೀಪ ಮಬ್ಬಾಗಿ ಕೂತಿದೆ.

ದುರ್ಬೀನು ನಿಮ್ಮ ಕೈಗೆ ಬರುತ್ತದೆ. ಕೆಸರಿನ ಅಂಚಿನಲ್ಲಿ ಬರಿಗಣ್ಣಿಗೆ ತೆಳು ಗುಲಾಬಿ ಪಟ್ಟಿಯಾಗಿ ಕಂಡದ್ದು ಈಗ ಸಾವಿರಾರು ಕಾಲುಗಳಾಗಿ, ಕೊರಳುಗಳಾಗಿ ಬಿಡಿಸಿಕೊಳ್ಳುತ್ತದೆ. ರಾಜಹಂಸಗಳು. ತಲೆಯನ್ನು ತಲೆಕೆಳಗು ಮಾಡಿ ನೀರಿಗಿಟ್ಟು, ಕೊಕ್ಕಿನಲ್ಲಿ ಕೆಸರು ನೀರನ್ನು ಸೋಸುತ್ತ ಹೆಜ್ಜೆ ಹೆಜ್ಜೆಯಾಗಿ ಮುಂದೆ ಸಾಗುತ್ತಿವೆ. ಗಿಡ್ಡ ಜಾತಿಯವು ಪಾಚಿಯನ್ನು, ದೊಡ್ಡ ಜಾತಿಯವು ಸಣ್ಣಪುಟ್ಟ ಸಿಗಡಿ ಹುಳುಗಳನ್ನು ಹುಡುಕುತ್ತವೆ. ಮೈಗೆ ಆ ಬಣ್ಣ ಬಂದದ್ದೂ ಆ ಊಟದಿಂದಲೇ. ಚಳಿಗಾಲದ ಹೊತ್ತಿಗೆ ಗುಜರಾತಿನ ಕಡೆಯಿಂದ ಬಂದು ಮಳೆ ಹಿಡಿಯುವ ಮೊದಲು ಹೊರಡುವ ಹಕ್ಕಿಗಳಿವು. ನೀರು ಇಳಿದು ಕೆಸರು ತೆರೆದಷ್ಟು ಹೊತ್ತು ಅವಕ್ಕೆ ಊಟದ ಹೊತ್ತು. ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಇಲ್ಲಿ ನೀರಿನ ಏರಿಳಿತ ನಾಲ್ಕು ಮೀಟರಿಗೂ ಹೆಚ್ಚು, ಅಂದರೆ ಒಂದು ಮಾಳಿಗೆ ಮನೆಯಷ್ಟು. ಆದ್ದರಿಂದ ಈ ಸಂಜೆ ಖಾಡಿಯ ನೆಲ ಬಹಳ ದೂರದವರೆಗೆ ಬರಿದಾಗಿದೆ.

ಸೂರ್ಯ ಟ್ರಾಂಬೆ ಗುಡ್ಡದ ಹಿಂದೆ ಇಳಿಯುವಾಗ ಒದ್ದೆ ಕೆಸರು ತಾಮ್ರದ ಬಣ್ಣಕ್ಕೆ ತಿರುಗುತ್ತದೆ. ಚೆಂಬೂರಿನ ದಿಕ್ಕಿನ ಚಿಮಣಿಗಳಲ್ಲಿ ದೀಪಗಳು ಹೊತ್ತಿಕೊಳ್ಳುತ್ತವೆ. ಮೊಮ್ಮಗಳು ನಿಮ್ಮ ಕೈಗೆ ಚಹಾದ ಲೋಟ ಕೊಟ್ಟು, ಮರಾಠಿ ಬೆರೆತ ಕನ್ನಡದಲ್ಲಿ ಯಾವ ಹಕ್ಕಿ ಚಿಕ್ಕದು, ಯಾವುದು ದೊಡ್ಡದು ಎಂದು ಬೆರಳು ಮಾಡಿ ತೋರಿಸುತ್ತಾಳೆ.

ರಾತ್ರಿಯೂಟಕ್ಕೆ ಕುಚ್ಚಲಕ್ಕಿ ಅನ್ನ, ಸೌತೆಕಾಯಿ ಕೊದ್ದೆಲು, ಹಪ್ಪಳ. ಮೇಜು ಗಾಜಿನ ಪಕ್ಕದಲ್ಲೇ ಇದೆ. ತಟ್ಟೆಯ ಮುಂದೆ ಇಡೀ ಖಾಡಿಯ ದೀಪಗಳು. ಅಪ್ಪಯ್ಯ ಮಾತಿಗೆ ತೊಡಗುತ್ತಾರೆ. ಊರಿಂದ ಬಸ್ಸು ಹತ್ತಿ ಬಂದಾಗ ಮೀಸೆ ಮೂಡಿರಲಿಲ್ಲ. ಕೋಟೆ ಪ್ರದೇಶದ ಹೋಟೆಲಿನಲ್ಲಿ ಹಗಲು ಲೋಟ ತೊಳೆದು, ಸಂಜೆ ಕನ್ನಡ ರಾತ್ರಿಶಾಲೆಗೆ ಹೋಗಿ, ಬಾಗಿಲು ಹಾಕಿದ ಮೇಲೆ ಅದೇ ಹೋಟೆಲಿನ ಮೇಜುಗಳನ್ನು ಜೋಡಿಸಿ ಮಲಗಿದವರು. ಕರಾವಳಿಯಿಂದ ಮುಂಬಯಿಗೆ ಬಂದ ಒಂದು ಇಡೀ ತಲೆಮಾರಿನ ಬದುಕು ಅದು. ಆ ಮಲಗುವ ಜಾಗಕ್ಕೆ ಕಿಟಕಿ ಇರಲಿಲ್ಲ.

“ಆಗ ಈ ದಡಕ್ಕೆ ಬರೂಕೆ ಸೇತುವೆ ಇಲ್ಲ,” ಎನ್ನುತ್ತಾರೆ. ವಾಶಿಯ ಮೊದಲ ಸೇತುವೆ ಬಂದದ್ದು 1973ರಲ್ಲಿ. ಅದಕ್ಕೂ ಮೊದಲು, 1960ರ ದಶಕದ ನಡುವಿನಲ್ಲಿ, ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ, ಶಿರೀಷ್ ಪಟೇಲ್ ಎಂಬ ಮೂವರು ನಗರ ಯೋಜಕರು ಸೇರಿ ಮುಂಬಯಿ ಇನ್ನು ಉತ್ತರಕ್ಕೇ ಚಾಚುವುದು ಬೇಡ, ಖಾಡಿ ದಾಟಿ ಪೂರ್ವ ದಡದಲ್ಲಿ ಹೊಸ ನಗರ ಕಟ್ಟೋಣ ಎಂದು ಬರೆದರು. 1970ರ ಮಾರ್ಚ್‌ನಲ್ಲಿ ಅದಕ್ಕಾಗಿ ಸಿಡ್ಕೊ ಎಂಬ ಸರ್ಕಾರಿ ಸಂಸ್ಥೆ ಹುಟ್ಟಿತು. ನಗರಕ್ಕೆ ಗುರುತಿಸಿದ 344 ಚದರ ಕಿಲೋಮೀಟರಿನಲ್ಲಿ 95 ಹಳ್ಳಿಗಳಿದ್ದವು. ಆಗ್ರಿ ಸಮುದಾಯದ ಗದ್ದೆ, ಉಪ್ಪಿನ ಅಗರ, ಕೋಳಿ ಮೀನುಗಾರರ ದೋಣಿಕಟ್ಟೆ ಎಲ್ಲವೂ ನಕ್ಷೆಯೊಳಗೆ ಬಂದವು. ಸರಿಯಾದ ಪರಿಹಾರಕ್ಕಾಗಿ ದಿ. ಬಾ. ಪಾಟೀಲರ ಮುಂದಾಳತ್ವದಲ್ಲಿ ರೈತರು ಬೀದಿಗಿಳಿದಾಗ, 1984ರ ಜನವರಿಯಲ್ಲಿ ಉರಣ್ ತಾಲೂಕಿನ ಜಾಸಯಿ ಭಾಗದಲ್ಲಿ ಪೊಲೀಸರ ಗುಂಡಿಗೆ ಐವರು ಬಲಿಯಾದರು. ಭೂಮಿ ಕಳೆದುಕೊಂಡವರಿಗೆ ಅಭಿವೃದ್ಧಿಗೊಂಡ ನೆಲದಲ್ಲಿ ಶೇಕಡಾ 12.5 ಪಾಲು ಸಿಗುವಂತಾದದ್ದು ಆ ಹೋರಾಟದಿಂದ. ಈ ಅಮೃತಶಿಲೆಯ ನೆಲದ ಕೆಳಗೆ 27 ಮಹಡಿ ಇಳಿದರೆ ಸಿಗುವುದು ಆ ಮಣ್ಣು.

ಅಪ್ಪಯ್ಯ ಸೇತುವೆ ದಾಟಿ ವಾಶಿಗೆ ಬಂದು, ಠಾಣೆ–ಬೇಲಾಪುರ ಕೈಗಾರಿಕಾ ಪಟ್ಟಿಯಲ್ಲಿ ಕ್ಯಾಂಟೀನು ನಡೆಸಿ, ಸಿಡ್ಕೊ ಕಟ್ಟಿದ ಚಿಕ್ಕ ಮನೆಯೊಂದನ್ನು ಕೊಂಡರು. 1992ರಲ್ಲಿ ಮಾನ್‌ಖುರ್ದ್‌ನಿಂದ ವಾಶಿಗೆ ಲೋಕಲ್ ಬಂದಾಗ ಜನ ಪ್ಲಾಟ್‌ಫಾರಂ ತುಂಬಿದ್ದನ್ನು ಈಗಲೂ ಕೈ ಬಿಡಿಸಿ ಹೇಳುತ್ತಾರೆ. ಮಗ ಎಂಜಿನಿಯರ್ ಆದ. ಈ ಮನೆ ಮಗನದು. ಇದೇ ಕಟ್ಟಡದಲ್ಲಿ ಇಷ್ಟೇ ಅಳತೆಯ ಮನೆ ಹಿಂಬದಿಗೆ ಬಿದ್ದರೆ ಒಂದು ಬೆಲೆ, ಖಾಡಿಗೆ ಬಿದ್ದರೆ ಇನ್ನೊಂದು. ಮಹಡಿ ಏರಿದ ಹಾಗೆ ‘ಫ್ಲೋರ್ ರೈಸ್’ ಎಂದು ಚದರಡಿಯ ದರವೂ ಏರುತ್ತದೆ. ಆ ಹೆಚ್ಚಿನ ಹಣವನ್ನು ಮಗ ಕೊಟ್ಟದ್ದು ಅಪ್ಪಯ್ಯನ ಈ ಕುರ್ಚಿಗಾಗಿ.

ಮಲಗುವ ಕೋಣೆಯಲ್ಲಿ ಪರದೆ ಎಳೆಯಬೇಡಿ. ಎಸಿಯೂ ಬೇಡ, ಗಾಜನ್ನು ಒಂದು ಗೇಣು ಸರಿಸಿದರೆ ಸಾಕು, ಉಪ್ಪು ಗಾಳಿ ಒಳಗೆ ಬರುತ್ತದೆ. ಚಂದ್ರ ಪಾರ್ಸಿಕ್ ಬೆಟ್ಟದ ಕಡೆಯಿಂದ ಕಟ್ಟಡದ ನೆತ್ತಿ ದಾಟಿ ಈ ಬದಿಗೆ ಬರುವಾಗ ನಡುರಾತ್ರಿ. ಅಷ್ಟರಲ್ಲಿ ನೀರು ಮರಳಿ ಬಂದು ಕೆಸರನ್ನೆಲ್ಲ ಮುಚ್ಚಿದೆ. ಸಂಜೆ ನೆಲವಾಗಿದ್ದದ್ದು ಈಗ ತುಂಬಿದ ಖಾಡಿ. ಎಡಕ್ಕೆ ಉಲ್ವೆಯ ಕಡೆ ದೀಪಗಳ ದೊಡ್ಡ ಗುಂಪು. ಅಲ್ಲಿನ ಗುಡ್ಡ ಕಡಿದು, ನದಿಯ ಪಾತ್ರ ತಿರುಗಿಸಿ ಕಟ್ಟಿದ ವಿಮಾನ ನಿಲ್ದಾಣ 2025ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು, ಕ್ರಿಸ್‌ಮಸ್ ದಿನ ವಿಮಾನಗಳ ಓಡಾಟ ಮೊದಲಾಯಿತು. ನಗರ ಬೆಳೆಯುತ್ತಲೇ ಇದೆ ಎಂಬುದು ಹಾಸಿಗೆಯಿಂದಲೇ ಗೊತ್ತಾಗುತ್ತದೆ.

ಬೆಳಗಿನ ಆರೂವರೆಗೆ ಎದ್ದರೆ ಚಂದ್ರ ಟ್ರಾಂಬೆಯ ಮೇಲೆ ಇಳಿಯುತ್ತಿದ್ದಾನೆ, ನೀರು ಮತ್ತೆ ಹಿಂದೆ ಸರಿದಿದೆ, ಹಕ್ಕಿಗಳು ಆಗಲೇ ಕೆಸರಿನಲ್ಲಿವೆ. ನೀರುದೋಸೆ, ಕಾಯಿಬೆಲ್ಲ ತಿಂದು, ಸ್ನಾನ ಮುಗಿಸಿ, ಸೂರ್ಯ ಮೇಲೇರಿದ ಮೇಲೆ ಅಪ್ಪಯ್ಯನ ಜತೆ ಕೆಳಗಿಳಿಯಿರಿ. ಅವರು ಟೊಪ್ಪಿ ಹಾಕಿಕೊಂಡಿದ್ದಾರೆ, ಮೊಮ್ಮಗಳು ನೀರಿನ ಬಾಟಲಿ ಹಿಡಿದಿದ್ದಾಳೆ.

ಹತ್ತಿರಕ್ಕೆ ಬಂದಾಗ ಮೊದಲು ಸಿಗುವುದು ವಾಸನೆ: ಕೊಳೆತ ಎಲೆ, ಉಪ್ಪು, ಗಂಧಕ ಸೇರಿದ ಕಾಂಡ್ಲಾ ಕೆಸರಿನ ವಾಸನೆ. ಪಂಚಗಂಗಾವಳಿಯ ದಡದಲ್ಲಿ ಆಡಿ ಬೆಳೆದವರಿಗೆ ಅದು ಊರಿನ ವಾಸನೆ. ಅಪ್ಪಯ್ಯ ನಿಂತು ಉಸಿರೆಳೆದುಕೊಳ್ಳುತ್ತಾರೆ. ಗಿಡಗಳ ಬುಡದಲ್ಲಿ ಉಸಿರುಬೇರುಗಳು ಕೆಸರಿನಿಂದ ನೆಟ್ಟಗೆ ಎದ್ದು ನಿಂತಿವೆ. ನಡುವೆ ಕೆಂಪು ಕೊಂಡಿಯ ಏಡಿಗಳು ಬಿಲಕ್ಕೆ ನುಗ್ಗುತ್ತವೆ. ಸಾರ್‌ಸೋಳೆಯ ಕಟ್ಟೆಯಿಂದ ಹೊರಟ ಕೋಳಿ ಮೀನುಗಾರರ ದೋಣಿಯೊಂದು ಏರುವ ನೀರನ್ನು ಹಿಡಿದು ವಾಪಸು ಬರುತ್ತಿದೆ.

ಹನ್ನೊಂದರ ಹೊತ್ತಿಗೆ ಖಾಡಿಯ ನೀರು ಕೆಸರನ್ನು ನುಂಗತೊಡಗುತ್ತದೆ. ಆಗ ದೂರದಲ್ಲಿ ಗದ್ದಲ ಏಳುತ್ತದೆ, ಬಾತುಕೋಳಿಗಳಂಥ ಕೂಗು. ಗುಲಾಬಿ ಪಟ್ಟಿ ನೆಲ ಬಿಟ್ಟು ಮೇಲೇಳುತ್ತದೆ. ರೆಕ್ಕೆಯ ಕೆಳಗಿನ ಕಪ್ಪು, ಮೇಲಿನ ಕಡುಗೆಂಪು, ಹಿಂದಕ್ಕೆ ಚಾಚಿದ ಕಾಲು, ಮುಂದಕ್ಕೆ ಚಾಚಿದ ಕೊರಳು. ನಿಮ್ಮ ನೆತ್ತಿಯ ಮೇಲೇ ಹಾದು, ಗೋಪುರಗಳ ಎದುರಿನ ಕೆರೆಗೆ ಇಳಿಯುತ್ತವೆ. ಖಾಡಿ ತುಂಬಿದಾಗ ಅವಕ್ಕೆ ನಿಲ್ಲಲು ಮೊಣಕಾಲುದ್ದದ ನೀರು ಬೇಕು. ಅದು ಸಿಗುವುದು ಡಿಪಿಎಸ್ ಕೆರೆ, ಟಿ.ಎಸ್. ಚಾಣಕ್ಯ ಜೌಗು ಎಂದು ಇಲ್ಲಿಯವರು ಕರೆಯುವ ಈ ಜಾಗಗಳಲ್ಲಿ.

ನೋಡುತ್ತ ನಿಂತಾಗ ಮೊಮ್ಮಗಳು ಕೆರೆಯ ಅಂಚಿನ ತೂಬನ್ನು ತೋರಿಸುತ್ತಾಳೆ. ಈ ಇಡೀ ನೋಟದ ಜೀವ ಅಲ್ಲಿದೆ. ಐರೋಳಿ ಮತ್ತು ವಾಶಿ ಸೇತುವೆಗಳ ನಡುವಿನ ಖಾಡಿ 2015ರಲ್ಲಿ ಫ್ಲೆಮಿಂಗೊ (ರಾಜಹಂಸ) ಅಭಯಾರಣ್ಯವಾಯಿತು, 2022ರಲ್ಲಿ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಈ ಕೆರೆಗಳು ಆ ಗೆರೆಯ ಹೊರಗಿವೆ. ಹಕ್ಕಿಗೆ ಗೆರೆ ಗೊತ್ತಿಲ್ಲ. ಡಿಪಿಎಸ್ ಕೆರೆಗೆ ಖಾಡಿಯ ನೀರು ಬರುವ ದಾರಿ ಮುಚ್ಚಿಹೋಗಿ ಕೆರೆ ಒಣಗಿದಾಗ, 2024ರ ಬೇಸಿಗೆಯಲ್ಲಿ, ಇಳಿಯಲು ಜಾಗ ಸಿಗದೆ ರಾಜಹಂಸಗಳು ರಸ್ತೆಗೆ ಬಂದವು, ಕೆಲವು ಸತ್ತವು. ಸುತ್ತಲಿನ ನಿವಾಸಿಗಳು ಕೈಕೈ ಹಿಡಿದು ಸಾಲಾಗಿ ನಿಂತರು, ಅರ್ಜಿ ಬರೆದರು, ಅಧಿಕಾರಿಗಳನ್ನು ಕರೆತಂದು ತೋರಿಸಿದರು. 2025ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಸುಮಾರು 30 ಎಕರೆಯ ಆ ಕೆರೆಯನ್ನು ಸಂರಕ್ಷಣಾ ಮೀಸಲು ಮಾಡಲು ಒಪ್ಪಿತು.

ಬರೀ ಹಕ್ಕಿಗಳ ಮಾತಲ್ಲ ಇದು. ನವಿ ಮುಂಬಯಿಯ ಬಹಳಷ್ಟು ನೆಲ ಜೌಗನ್ನು ತುಂಬಿ ಮಾಡಿದ್ದು; ಹಲವು ಕಡೆ ತುಂಬು ಉಬ್ಬರದ ಮಟ್ಟಕ್ಕಿಂತ ತಗ್ಗು. ಆದ್ದರಿಂದ ಸಿಡ್ಕೊ ಎಂಜಿನಿಯರುಗಳು ನಗರದೊಳಗೆ ಮಳೆನೀರು ಹಿಡಿದಿಡುವ ಕೊಳಗಳನ್ನು ಕಟ್ಟಿದರು: ಅವುಗಳ ಬಾಗಿಲು ಉಬ್ಬರದಲ್ಲಿ ಮುಚ್ಚಿಕೊಂಡು ಸಮುದ್ರವನ್ನು ಹೊರಗೆ ನಿಲ್ಲಿಸುತ್ತದೆ, ಇಳಿತದಲ್ಲಿ ತೆರೆದು ಮಳೆನೀರನ್ನು ಬಿಡುತ್ತದೆ. ಅಲೆಯ ಹೊಡೆತ ತಡೆಯುವ ಕೆಲಸ ಕಾಂಡ್ಲಾ ಕಾಡಿನದು. 2005ರ ಜುಲೈ 26ರಂದು ಸಾಂತಾಕ್ರೂಸ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದು ಮುಂಬಯಿ ಮುಳುಗಿದ್ದನ್ನು ಯಾರೂ ಮರೆತಿಲ್ಲ. ಅದೇ ವರ್ಷ ಬಾಂಬೆ ಹೈಕೋರ್ಟು ಕಾಂಡ್ಲಾ ಕಾಡನ್ನು ಕಡಿಯುವುದನ್ನೂ ಅದರ 50 ಮೀಟರ್ ಒಳಗೆ ಕಟ್ಟುವುದನ್ನೂ ತಡೆಯಿತು. 2018ರ ತೀರ್ಪಿನಲ್ಲಿ ಈ ಕಾಡಿನ ನಾಶ ಬದುಕುವ ಹಕ್ಕಿಗೇ ವಿರುದ್ಧ ಎಂದಿತು.

ಮತ್ತೆ ಮೇಲೆ ಬಂದು ಅದೇ ಬಾಲ್ಕನಿಯಲ್ಲಿ ನಿಂತು ಕೆಳಗೆ ನೋಡಿ. ಈಗ ನಿಮಗೆ ಪ್ರತಿ ಪದರದ ಲೆಕ್ಕ ಗೊತ್ತಿದೆ. ಯಾರೂ ಕಟ್ಟದೆ ಬಿಟ್ಟದ್ದರಿಂದ, ಕಟ್ಟಲು ಯಾರೋ ಬಿಡದೆ ಇದ್ದದ್ದರಿಂದ ಈ ನೋಟ ಉಳಿದಿದೆ. ಠಾಣೆಯ ಘೋಡ್‌ಬಂದರ್ ರಸ್ತೆಯ ಗೋಪುರಗಳು ಯೇವೂರು ಗುಡ್ಡದ ಹಸಿರನ್ನು ತೋರಿಸಿ ಮಾರಾಟವಾಗುತ್ತವೆ, ಕಲ್ಯಾಣ–ಡೊಂಬಿವಲಿಯ ಗೋಪುರಗಳು ಉಲ್ಲಾಸ್ ನದಿಯನ್ನು ತೋರಿಸಿ. ಬಿಲ್ಡರ್ ಒಂದು ಸಲ ಹಣ ಎಣಿಸಿಕೊಂಡು ಹೋಗುತ್ತಾನೆ. ಗುಡ್ಡ, ನದಿ, ಕಾಂಡ್ಲಾ ಮಾತ್ರ ಯಾರ ಅಗ್ರಿಮೆಂಟಿನಲ್ಲೂ ಬರುವುದಿಲ್ಲ. ಅವುಗಳನ್ನು ಕಾಯುವ ಹೊಣೆಯನ್ನು ಖರೀದಿ ಪತ್ರ ಯಾರಿಗೂ ಬರೆದುಕೊಡುವುದಿಲ್ಲ.

ಆ ಹೊಣೆಯನ್ನು ಈ ಮನೆ ತಾನಾಗಿ ತೆಗೆದುಕೊಂಡಿದೆ. ಸೊಸೆ ಸೊಸೈಟಿಯ ಸಮಿತಿಯಲ್ಲಿದ್ದಾರೆ. ಬರುವ ವಾರ್ಷಿಕ ಸಭೆಯ ಕಾರ್ಯಸೂಚಿಯನ್ನು ಊಟದ ಮೇಜಿನ ಮೇಲೆ ಹರಡಿ, ಲಿಫ್ಟ್ ದುರಸ್ತಿ, ಪಾರ್ಕಿಂಗ್ ಗೆರೆ, ನೀರಿನ ಟ್ಯಾಂಕರ್ ಬಿಲ್ಲುಗಳ ಕೆಳಗೆ ಇನ್ನೊಂದು ವಿಷಯ ಸೇರಿಸುತ್ತಾರೆ: ಕೆರೆಯ ತೂಬು ತೆರೆದಿದೆಯೇ ಎಂದು ತಿಂಗಳಿಗೊಮ್ಮೆ ನೋಡಿ ಬರಲು ಇಬ್ಬರು ನಿವಾಸಿಗಳು. ಒಂದು ಹೆಸರು ತಮ್ಮದು ಎಂದು ಅಪ್ಪಯ್ಯ ಮೊದಲೇ ಹೇಳಿಟ್ಟಿದ್ದಾರೆ. ಖಾಡಿಯ ಕಡೆ ಮನೆ ಕೊಂಡ ಪ್ರತಿಯೊಂದು ಕುಟುಂಬವೂ ಇಷ್ಟು ಮಾಡಿದರೆ ಕೊಟ್ಟ ಬೆಲೆಗೆ ನ್ಯಾಯ ಸಲ್ಲುತ್ತದೆ, ಮೊಮ್ಮಕ್ಕಳ ಕಾಲಕ್ಕೂ ಈ ಕಿಟಕಿಯಲ್ಲಿ ನೋಡಲು ಏನಾದರೂ ಇರುತ್ತದೆ.